ಗ್ರಹಣ ಹಿಡಿದ ಜಾತಿ: ಕರ್ನಾಟಕದ ನಲವತ್ತು ಸಂಸದರಿಗೆ ಬಹಿರಂಗ ಪತ್ರ

ಇವರಿಗೆ,
ಕರ್ನಾಟಕದಿಂದ ಲೋಕಸಭೆಗೆ ಆಯ್ಕೆಯಾದ 28 ಹಾಗೂ ರಾಜ್ಯಸಭೆಯಲ್ಲಿರುವ 12 ಸದಸ್ಯರಿಗೆ

ವಿಷಯ: ಸಂವಿಧಾನ (ಪರಿಶಿಷ್ಟ ಜಾತಿಗಳು) ಆದೇಶ, 1950ರಲ್ಲಿ ದಲಿತ ಕ್ರೈಸ್ತರನ್ನೂ ದಲಿತ ಮುಸ್ಲಿಮರನ್ನೂ ಹೊರಗಿಡುವ ಮೂರನೇ ಕಂಡಿಕೆಯನ್ನು ತೆಗೆಯುವ ಕುರಿತು.

ಮಾನ್ಯರೇ,

ಬಹಿರಂಗ ಪತ್ರ ಎಂದು ಮೇಲೆ ಬರೆದು ಕೆಳಗೆ ಹೆಸರು ಹಾಕದಿರುವುದು ಚೆಂದವಲ್ಲ ಎಂಬುದು ನನಗೂ ಗೊತ್ತು. ಹೆಸರು ಹಾಕಿದರೆ ನನಗೇನೂ ಆಗುವುದಿಲ್ಲ. ನಾನು ಕ್ರೈಸ್ತಳು, ಶಾಲೆಯ ದಾಖಲಾತಿಯಿಂದ ಹಿಡಿದು ಮದುವೆಯ ರಿಜಿಸ್ಟರಿನವರೆಗೆ ಎಲ್ಲ ಕಡೆ ಹಾಗೆಯೇ ಬರೆಸಿಕೊಂಡವಳು. ಆದರೆ ನನ್ನ ಹೆಸರು ಹಿಡಿದು ಹೊರಟವರು ನನ್ನ ಬಳಗದ ಮನೆಗಳನ್ನು ಸುಲಭವಾಗಿ ತಲುಪುತ್ತಾರೆ. ಅಲ್ಲಿ ಕೆಲವರ ನೌಕರಿ ಹೋಗುತ್ತದೆ. ಏಕೆ ಹೋಗುತ್ತದೆ ಎಂಬುದನ್ನು ಹೇಳುವುದಕ್ಕೇ ಈ ಪತ್ರ. ಬೀದರ್ ಜಿಲ್ಲೆಯವಳು, ಅನುದಾನವಿಲ್ಲದ ಖಾಸಗಿ ಶಾಲೆಯೊಂದರಲ್ಲಿ ಮೂವತ್ತು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ ಎಂಬಷ್ಟು ಸಾಕು.

ನಮ್ಮ ಮುತ್ಯಾನಿಗೆ ಮೂವರು ಗಂಡುಮಕ್ಕಳು. ಬಾವಿಯಿಂದ ಎತ್ತುಗಳು ನೀರೆಳೆಯುತ್ತಿದ್ದ ಕಾಲದಲ್ಲಿ, ಆ ನೀರು ತುಂಬುವ ತೊಗಲಿನ ಚೀಲವನ್ನು ಹೊಲಿಯುವುದು ಮುತ್ಯಾನ ಕಸುಬು. ಅವನು ಹೊಲಿದ ಚೀಲ ದಿನಕ್ಕೆ ನೂರು ಸಲ ಊರ ದೊಡ್ಡವರ ಬಾವಿಗೆ ಇಳಿಯುತ್ತಿತ್ತು, ಅವನು ಇಳಿಯುವಂತಿರಲಿಲ್ಲ. ಹಬ್ಬ ಬಂದರೆ ಮರಗಮ್ಮನ ಗುಡಿಯ ಮುಂದೆ ಹಲಗೆ ಬಾರಿಸುತ್ತಿದ್ದ. ಹಿರಿಯ ಮಗ, ಅಂದರೆ ನಮ್ಮ ದೊಡ್ಡಪ್ಪ, ಆ ಹಲಗೆಯನ್ನೇ ಹಿಡಿದ. ನಡುವಿನವನು ನನ್ನ ಅಪ್ಪ. ಮಿಷನ್ ಬೋರ್ಡಿಂಗ್‌ನಲ್ಲಿ ಅನ್ನ, ಅಕ್ಷರ ಎರಡೂ ಸಿಕ್ಕಿತೆಂದು ಹೋದವನು ಅಲ್ಲಿಯೇ ದೀಕ್ಷಾಸ್ನಾನ ಪಡೆದು, ಮುಂದೆ ಅದೇ ಬೋರ್ಡಿಂಗ್‌ನಲ್ಲಿ ಅಡುಗೆಯವನಾದ. ಕಿರಿಯವನು ಕಾಕಾ. ಅವನು ಬಾಬಾಸಾಹೇಬರ ಬರಹ ಓದಿಕೊಂಡು ಬುದ್ಧನ ಕಡೆ ಹೋದ. ನಮ್ಮ ಕೇರಿಯಲ್ಲಿ ಆ ದಾರಿ ಹಿಡಿದವರು ಕಡಿಮೆ, ಕಾಕಾನದು ಎಲ್ಲದರಲ್ಲೂ ಹಟ. ಮೂರು ಮನೆ, ಮೂರು ಧರ್ಮ, ಒಂದೇ ಅಂಗಳ. ಜಗಳವಾಡಿದ್ದು ಹೊಲದ ಬದುವಿಗಾಗಿ. ದೇವರಿಗಾಗಿ ಜಗಳವಾಡಿದ್ದನ್ನು ನಾನು ನೋಡಿಲ್ಲ.

ನನಗೆ ಒಂಬತ್ತೋ ಹತ್ತೋ ವರ್ಷ. ಒಂದು ಭಾನುವಾರ ಪ್ರಾರ್ಥನೆ ಮುಗಿಸಿ ಅಪ್ಪನ ಜೊತೆ ಬರುತ್ತಿದ್ದೆ. ಅಪ್ಪನ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಬೈಬಲ್. ಊರ ಬಾಯಿಯಲ್ಲಿ ಚಹಾ ಅಂಗಡಿ. ದೊಡ್ಡಪ್ಪನೂ ಕಾಕಾನೂ ಮೊದಲೇ ಅಲ್ಲಿ ಕಟ್ಟೆಯ ಕೆಳಗೆ ಕುಳಿತಿದ್ದರು. ಅಂಗಡಿಯ ಹೊರಗೋಡೆಯ ಗೂಡಿನಲ್ಲಿ ಬೇರೆ ಗ್ಲಾಸುಗಳು, ಕೇರಿಯವರಿಗೆಂದು ಇಟ್ಟವು. ದೊಡ್ಡಪ್ಪ ಒಂದು ತೆಗೆದುಕೊಂಡ, ಕಾಕಾ ಒಂದು, ಅಪ್ಪ ಒಂದು. ಅಂಗಡಿಯವನು ಮೂರಕ್ಕೂ ಮೇಲಿನಿಂದ ಚಹಾ ಸುರಿದ. ಕುಡಿದಾದ ಮೇಲೆ ಮೂವರೂ ತಾವೇ ತೊಳೆದು ಅದೇ ಗೂಡಿನಲ್ಲಿ ಬೋರಲು ಹಾಕಿದರು. ಅಪ್ಪನ ಗ್ಲಾಸು ಯಾವುದು, ಕಾಕಾನದು ಯಾವುದು ಎಂದು ಆಮೇಲೆ ಯಾರೂ ಗುರುತಿಸಲಾರರು. ಆ ಗ್ಲಾಸುಗಳಿಗೆ ಮೂರನೇ ಕಂಡಿಕೆ ಗೊತ್ತಿರಲಿಲ್ಲ.

ಆ ಮೂರನೇ ಕಂಡಿಕೆ ನಿಮಗೆ ಗೊತ್ತಿರಬೇಕು, ಕಾನೂನು ಮಾಡುವವರು ನೀವು. ಆದರೂ ಹೇಳುತ್ತೇನೆ. 1950ರ ಆಗಸ್ಟ್ 10ರಂದು ರಾಷ್ಟ್ರಪತಿಯವರು ಪರಿಶಿಷ್ಟ ಜಾತಿಗಳ ಆದೇಶ ಹೊರಡಿಸಿದರು. ಹಿಂದೂ ಧರ್ಮಕ್ಕಿಂತ ಬೇರೆ ಧರ್ಮವನ್ನು ಅನುಸರಿಸುವ ಯಾರನ್ನೂ ಪರಿಶಿಷ್ಟ ಜಾತಿಯವರೆಂದು ಪರಿಗಣಿಸತಕ್ಕದ್ದಲ್ಲ ಎಂದು ಅದರ ಮೂರನೇ ಕಂಡಿಕೆ ಹೇಳಿತು. ಆಗ ಪಂಜಾಬಿನ ಕೆಲವು ಸಿಖ್ ಜಾತಿಗಳಿಗಷ್ಟೇ ವಿನಾಯಿತಿ ಇತ್ತು. ಇದನ್ನು ಸ್ವತಂತ್ರ ಭಾರತವೇ ಹೊಸದಾಗಿ ಕಂಡುಹಿಡಿಯಿತು ಎನ್ನುವಂತಿಲ್ಲ. ಭಾರತೀಯ ಕ್ರೈಸ್ತರು ಪರಿಶಿಷ್ಟರಲ್ಲ ಎಂಬ ಮಾತು ಬ್ರಿಟಿಷರ ಕಾಲದ 1936ರ ಆದೇಶದಲ್ಲೇ ಇತ್ತು. ಅವರು ಬಿಟ್ಟುಹೋದ ಎಷ್ಟೋ ವಸ್ತುಗಳನ್ನು ನಾವು ಮ್ಯೂಸಿಯಮ್ಮಿಗೆ ಕಳಿಸಿದ್ದೇವೆ, ಇದನ್ನು ಮಾತ್ರ ಇನ್ನೂ ಬಳಸುತ್ತಿದ್ದೇವೆ. 1956ರಲ್ಲಿ ಸಂಸತ್ತು ತಿದ್ದುಪಡಿ ಮಾಡಿ ಎಲ್ಲ ದಲಿತ ಸಿಖ್ಖರನ್ನೂ, 1990ರಲ್ಲಿ ಬೌದ್ಧರನ್ನೂ ಸೇರಿಸಿತು. ಎರಡೂ ಒಳ್ಳೆಯ ಕೆಲಸಗಳೇ. ಉಳಿದವರು ಉಳಿದೇ ಹೋದರು: ದಲಿತ ಕ್ರೈಸ್ತರು, ದಲಿತ ಮುಸ್ಲಿಮರು.

1990ರ ಸುದ್ದಿ ಬಂದ ದಿನ ಕಾಕಾ ಪೇಡೆ ತಂದಿದ್ದ. ಅಪ್ಪನ ಪಕ್ಕದಲ್ಲಿ ಕುಳಿತು ಪತ್ರಿಕೆಯನ್ನು ಗಟ್ಟಿಯಾಗಿ ಓದಿದ. ಅಲ್ಲಿಯವರೆಗೆ ಅವನೂ ನಮ್ಮ ಹಾಗೆಯೇ ಹೊರಗೆ ನಿಂತವನು. "ಅಣ್ಣ, ನಮಗೆ ಬಂತು" ಎಂದ. ಅಪ್ಪ ಪೇಡೆಯನ್ನು ಎರಡು ಮಾಡಿ ಅರ್ಧ ನನಗೆ ಕೊಟ್ಟು, "ನಮಗೂ ಬರುತ್ತದೆ, ಸಾಲಾಗಿ ಬರುತ್ತಿದೆ ನೋಡು" ಎಂದ. ರೇಷನ್ ಅಂಗಡಿಯ ಸಾಲಿನ ಹಾಗೆ ಸಿಖ್ಖರಾಯಿತು, ಬೌದ್ಧರಾಯಿತು, ಮುಂದೆ ನಾವು ಎಂಬುದು ಅಪ್ಪನ ಲೆಕ್ಕ. ಆ ಸಾಲಿನಲ್ಲೇ ನಿಂತು ಅವನು ತೀರಿಕೊಂಡ.

ಕಾಕಾನ ಮಗಳು ನನಗಿಂತ ಒಂದು ವರ್ಷ ಚಿಕ್ಕವಳು. ಒಂದೇ ಶಾಲೆಯಲ್ಲಿ, ಒಂದೇ ಬೆಂಚಿನಲ್ಲಿ ಓದಿದವರು ನಾವು. ಅಂಕಗಳಲ್ಲಿ ನಾನು ಒಂದು ಕೈ ಮೇಲೆ ಎಂದು ಅವಳೇ ಹೇಳುತ್ತಾಳೆ. ಅವಳು ಪರಿಶಿಷ್ಟ ಜಾತಿಯ ಪ್ರಮಾಣಪತ್ರದ ಮೇಲೆ ಬಿ.ಎಡ್. ಸೇರಿ, ಸರ್ಕಾರಿ ಶಾಲೆಯ ಶಿಕ್ಷಕಿಯಾಗಿ, ಈಗ ನಿವೃತ್ತಿಯ ಹತ್ತಿರ ಇದ್ದಾಳೆ. ನನ್ನ ಸಂಬಳ ಅವಳಿಗೆ ಬರುವ ತುಟ್ಟಿಭತ್ಯೆಯಷ್ಟೂ ಇಲ್ಲ. ಅವಳ ಮೇಲೆ ಹೊಟ್ಟೆಕಿಚ್ಚಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಇತ್ತು, ವಯಸ್ಸಾದ ಮೇಲೆ ಕಡಿಮೆಯಾಯಿತು. ಅವಳಿಗೆ ಸಿಕ್ಕಿದ್ದು ಅವಳ ಹಕ್ಕು. ಒಂದೇ ಮುತ್ಯಾನ ಮೊಮ್ಮಕ್ಕಳಲ್ಲಿ ಒಬ್ಬಳಿಗೆ ಅದು ಹಕ್ಕಾಗಿ, ಇನ್ನೊಬ್ಬಳಿಗೆ ಅಪರಾಧವಾಗುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಇದಕ್ಕೆ ಸಿದ್ಧವಾದ ಉತ್ತರವೊಂದಿದೆ, ನೀವೂ ಹೇಳಿರುತ್ತೀರಿ, ಕೇಳಿರುತ್ತೀರಿ: "ಕ್ರೈಸ್ತ ಧರ್ಮದಲ್ಲಿ ಜಾತಿ ಇಲ್ಲವಲ್ಲ?" ಇಲ್ಲ, ಇರಬಾರದು. ಸಿಖ್ ಧರ್ಮದಲ್ಲಿ ಇದೆಯೇ? ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರಕ್ಕೆ ಬಂದು ನೋಡಿ. ಯಾರು ಬಂದರೂ ಒಂದೇ ಸಾಲಿನಲ್ಲಿ ಕೂರಿಸಿ ರೊಟ್ಟಿ, ಬೇಳೆ ಬಡಿಸುತ್ತಾರೆ. 1699ರಲ್ಲಿ ಗುರು ಗೋವಿಂದ ಸಿಂಗರು ಆರಿಸಿದ 'ಪಂಜ್ ಪ್ಯಾರೇ' ಎಂಬ ಐವರು ಪ್ರಿಯ ಶಿಷ್ಯರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಬೀದರಿನವರು, ಕ್ಷೌರಿಕ ಕುಲದವರು ಎಂದು ಪರಂಪರೆ ಹೇಳುತ್ತದೆ. ಬುದ್ಧನ ಧಮ್ಮದಲ್ಲಿ ಇದೆಯೇ? ಜಾತಿ ಬೇಡವೆಂದೇ ಅಲ್ಲವೇ ಬಾಬಾಸಾಹೇಬರು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಡನೆ ಅದನ್ನು ಸ್ವೀಕರಿಸಿದ್ದು? ಗ್ರಂಥದಲ್ಲಿ ಜಾತಿ ಇಲ್ಲ, ಊರಿನಲ್ಲಿ ಇದೆ ಎಂಬುದನ್ನು ಸಂಸತ್ತು ಎರಡು ಸಲ ಒಪ್ಪಿಕೊಂಡಿದೆ. ಮೂರನೆಯ ಸಲಕ್ಕೆ ಮಾತ್ರ ಗ್ರಂಥ ತೆರೆದು ಕುಳಿತಿದೆ.

ಧರ್ಮ ಬದಲಿಸಿದರೆ ಜಾತಿ ಬಿಡುತ್ತದೆಯೇ ಎಂಬುದಕ್ಕೆ ನಮ್ಮ ಜಿಲ್ಲೆಗಿಂತ ಹಳೆಯ ಸಾಕ್ಷಿ ಬೇಕಿಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನೂ ಬ್ರಾಹ್ಮಣ ಮಧುವರಸನೂ ಶರಣರಾದರು. ಇಬ್ಬರ ಕೊರಳಲ್ಲೂ ಅದೇ ಲಿಂಗ. ಲಿಂಗ ಕಟ್ಟಿದ ಮೇಲೆ ಕುಲ ಉಳಿಯಲಿಲ್ಲ ಎಂದು ಇಬ್ಬರೂ ನಂಬಿ, ಒಬ್ಬರ ಮಗನಿಗೆ ಇನ್ನೊಬ್ಬರ ಮಗಳನ್ನು ಕೊಟ್ಟು ಮದುವೆ ಮಾಡಿದರು. ಅರಮನೆ ಅವರನ್ನು ಶರಣರೆಂದು ನೋಡಲಿಲ್ಲ. ಸಮಗಾರ, ಬ್ರಾಹ್ಮಣ ಎಂದೇ ನೋಡಿ, ಎಳೆಸಿ ಕೊಲ್ಲುವ ಎಳೆಹೂಟೆ ಶಿಕ್ಷೆ ಕೊಟ್ಟಿತು. ಬಸವಕಲ್ಯಾಣಕ್ಕೆ ಹೋದವರಿಗೆ ಇಂದಿಗೂ ಹರಳಯ್ಯನ ಗವಿ ತೋರಿಸುತ್ತಾರೆ. ತರಗತಿಯಲ್ಲಿ ಈ ಕಥೆ ಹೇಳುವಾಗ ಮಕ್ಕಳು "ಟೀಚರ್, ಅವರು ಧರ್ಮ ಬದಲಿಸಿದ್ದರಲ್ಲ?" ಎಂದು ಕೇಳುತ್ತಾರೆ. ಹೌದು ಮಗು, ಬದಲಿಸಿದ್ದರು ಎನ್ನುತ್ತೇನೆ.

ನ್ಯಾಯಾಲಯಗಳು ಏನು ಹೇಳಿವೆ ಎಂಬುದನ್ನೂ ನನಗೆ ತಿಳಿದಷ್ಟು ಓದಿದ್ದೇನೆ. ಮದ್ರಾಸಿನಲ್ಲಿ ರಸ್ತೆ ಬದಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಆದಿ ದ್ರಾವಿಡ ಕ್ರೈಸ್ತ ಸುಪ್ರೀಂ ಕೋರ್ಟಿಗೆ ಹೋಗಿದ್ದ. ಸರ್ಕಾರ ಚಮ್ಮಾರರಿಗೆ ಉಚಿತವಾಗಿ ಪೆಟ್ಟಿಗೆ ಅಂಗಡಿ ಕೊಡುತ್ತಿತ್ತು, ಕ್ರೈಸ್ತನಾದ್ದರಿಂದ ಅವನಿಗೆ ಸಿಗಲಿಲ್ಲ. ಅದೇ ರಸ್ತೆ, ಅದೇ ಉಳಿ, ಅದೇ ತೊಗಲು. ಹೊಸ ಧರ್ಮದ ಪರಿಸರದಲ್ಲೂ ಜಾತಿಯ ಅದೇ ಬಾಧೆ ಅಷ್ಟೇ ತೀವ್ರವಾಗಿ ಮುಂದುವರಿದಿದೆ ಎಂದು ತೋರಿಸಬೇಕು, ಅದಕ್ಕೆ ಬೇಕಾದ ಸಾಮಗ್ರಿ ಮುಂದಿಟ್ಟಿಲ್ಲ ಎಂದು 1985ರಲ್ಲಿ ಕೋರ್ಟು ಅರ್ಜಿಯನ್ನು ತಳ್ಳಿತು. ಅದಕ್ಕೂ ಮೊದಲಿನ ಇನ್ನೊಂದು ತೀರ್ಪಿನಲ್ಲಿ ಅದೇ ಕೋರ್ಟು ಒಂದು ವಿಚಿತ್ರವಾದ, ನಿಜವಾದ ಮಾತು ಹೇಳಿತ್ತು. ಮತಾಂತರವಾದಾಗ ಜಾತಿ ಸಾಯುವುದಿಲ್ಲ, ಅದಕ್ಕೆ ಗ್ರಹಣ ಹಿಡಿಯುತ್ತದೆ. ಮರಳಿ ಬಂದರೆ ಗ್ರಹಣ ಬಿಟ್ಟು ಜಾತಿ ತಾನಾಗಿ ಕಾಣಿಸುತ್ತದೆ ಎಂದು. 2015ರಲ್ಲಿ ಮತ್ತೊಂದು ತೀರ್ಪು ಇದನ್ನು ವಿಸ್ತರಿಸಿತು. ಅಜ್ಜ ಕ್ರೈಸ್ತನಾಗಿದ್ದರೂ ಮೊಮ್ಮಗ ಹಿಂದೂ ಧರ್ಮಕ್ಕೆ ಮರಳಿ, ಜಾತಿಯವರು ಅವನನ್ನು ಸೇರಿಸಿಕೊಂಡರೆ, ಪರಿಶಿಷ್ಟ ಸ್ಥಾನ ಮರಳಿ ಸಿಗುತ್ತದೆ. ಹಾಗಾದರೆ ಎರಡು ತಲೆಮಾರು ಆ ಜಾತಿ ಎಲ್ಲಿತ್ತು? ಚರ್ಚಿನ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರೇ? ಗ್ರಹಣ ಹಿಡಿದರೆ ಸೂರ್ಯ ಇರುತ್ತಾನೆ, ನಮಗೆ ಕಾಣುವುದಿಲ್ಲ ಅಷ್ಟೇ. ನಮ್ಮ ವಿಷಯದಲ್ಲಿ ಇನ್ನೂ ಒಂದು ತಮಾಷೆಯಿದೆ. ಈ ಗ್ರಹಣ ಸರ್ಕಾರದ ಕಣ್ಣಿಗೆ ಮಾತ್ರ ಹಿಡಿದಿದೆ. ಊರವರಿಗೆ ನಮ್ಮ ಜಾತಿ ಒಂದು ದಿನವೂ ಕಾಣದೆ ಹೋಗಿಲ್ಲ.

ರಾಜ್ಯ ಸರ್ಕಾರಕ್ಕೂ ಕಾಣುತ್ತದೆ ಎನ್ನಬೇಕು. ಕ್ರೈಸ್ತ ಧರ್ಮಕ್ಕೆ ಮತಾಂತರಗೊಂಡ ಪರಿಶಿಷ್ಟ ಜಾತಿಯವರು ಎಂದು ನಮ್ಮನ್ನು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಇಟ್ಟಿದ್ದಾರೆ. ಅಂದರೆ ಎಲ್ಲಿಂದ ಬಂದವರು ಎಂಬುದು ಕಡತದಲ್ಲೇ ಇದೆ. ಇನ್ನು ಪರಿಶಿಷ್ಟ ಪಂಗಡಗಳ ಆದೇಶ ನೋಡಿ, ಅದರಲ್ಲಿ ಧರ್ಮದ ಮಾತೇ ಇಲ್ಲ. ನಾಗಾಲ್ಯಾಂಡ್, ಮಿಜೋರಾಂಗಳಲ್ಲಿ ಚರ್ಚಿಗೆ ಹೋಗುವ ಬುಡಕಟ್ಟಿನವರು ಪರಿಶಿಷ್ಟ ಪಂಗಡದವರಾಗಿಯೇ ಇದ್ದಾರೆ, ಇರಲಿ. ಬುಡಕಟ್ಟು ದೀಕ್ಷಾಸ್ನಾನದ ನೀರಿನಲ್ಲಿ ಕರಗುವುದಿಲ್ಲ, ಅಸ್ಪೃಶ್ಯತೆ ಕರಗುತ್ತದೆ ಎಂದು ಯಾರು ಅಳೆದು ನೋಡಿದರು?

ಈಗ ಈ ಕಾನೂನು ಮನುಷ್ಯರನ್ನು ಏನು ಮಾಡಿದೆ ಎಂಬ ಮಾತಿಗೆ ಬರುತ್ತೇನೆ. ಉಳಿದದ್ದೆಲ್ಲ ಪುಸ್ತಕದಲ್ಲಿ ಸಿಗುತ್ತದೆ, ಇದು ಸಿಗುವುದಿಲ್ಲ.

ನಮ್ಮ ಕಡೆ ಚರ್ಚಿಗೆ ಬರುವ ಎಷ್ಟೋ ಮನೆಗಳಲ್ಲಿ ಎರಡು ಲೆಕ್ಕಪುಸ್ತಕಗಳಿವೆ. ಒಂದು ದೇವರಿಗೆ, ಇನ್ನೊಂದು ನಾಡಕಚೇರಿಗೆ. ಮಗು ಹುಟ್ಟಿದರೆ ಹೆಸರಿಡುವಾಗ ಬೈಬಲ್ ತೆರೆಯುವುದಿಲ್ಲ, ಅರ್ಜಿಯ ನಮೂನೆಯನ್ನು ನೆನೆಯುತ್ತಾರೆ. ನಮ್ಮ ಅಪ್ಪನ ತಲೆಮಾರಿನಲ್ಲಿ ಸ್ಯಾಮುವೆಲ್, ಯೇಸಪ್ಪ ಇದ್ದರು. ಈಗಿನ ಮಕ್ಕಳೆಲ್ಲ ಸುನೀಲ, ಸಂತೋಷ, ರವಿ, ಪ್ರಿಯಾಂಕಾ. ದೀಕ್ಷಾಸ್ನಾನ ಕೊಡಿಸುತ್ತಾರೆ, ಆದರೆ "ರಿಜಿಸ್ಟರಿನಲ್ಲಿ ಬರೆಯಬೇಡಿ ಪಾಸ್ಟರ್, ದೇವರಿಗೆ ಗೊತ್ತಾದರೆ ಸಾಕು" ಎಂದು ಕೈಮುಗಿಯುತ್ತಾರೆ. ಮದುವೆಗೆ ಎರಡು ಬಗೆಯ ಲಗ್ನಪತ್ರಿಕೆ ಅಚ್ಚಾಗುತ್ತದೆ: ಬಳಗಕ್ಕೆ ಹಂಚುವುದರಲ್ಲಿ ಶಿಲುಬೆ ಮತ್ತು ವಾಕ್ಯ, ಕಚೇರಿಯವರಿಗೆ ಕೊಡುವುದರಲ್ಲಿ ಗಣಪತಿ. ಅಚ್ಚು ಹಾಕುವವನೇ "ಯಾವುದು ಎಷ್ಟು?" ಎಂದು ಕೇಳಿಕೊಂಡು ಎರಡು ಕಟ್ಟು ಮಾಡಿ ಕೊಡುತ್ತಾನೆ, ಅವನಿಗೆ ರೂಢಿಯಾಗಿದೆ. ವರ ನೋಡುವಾಗ ಪ್ರಮಾಣಪತ್ರ ಇರುವ ಹುಡುಗನೇ, ಇಲ್ಲದ ಹುಡುಗನೇ ಎಂಬ ವಿಚಾರಣೆ ಮೊದಲು. ಧಾರೂರಿನ ಕ್ರೈಸ್ತ ಜಾತ್ರೆಗೆ ಹೋದವರು ಫೋಟೊ ತೆಗೆಸಿಕೊಳ್ಳುವುದಿಲ್ಲ. ಸಿಂಧುತ್ವ ಪ್ರಮಾಣಪತ್ರದ ವಿಚಾರಣೆಗೆ ಅಧಿಕಾರಿ ಬರುತ್ತಾನೆಂದರೆ ಗೋಡೆಯ ಕ್ಯಾಲೆಂಡರ್ ಕೂಡ ಬದಲಾಗುತ್ತದೆ. ಮನೆಯ ಮಗುವಿಗೆ "ಯಾರಾದರೂ ಕೇಳಿದರೆ ಭಾನುವಾರ ಅಜ್ಜಿಯ ಮನೆಗೆ ಹೋಗುತ್ತೇವೆ ಎನ್ನು" ಎಂದು ಕಲಿಸುತ್ತಾರೆ. ಸುಳ್ಳು ಹೇಳಬಾರದು ಎಂಬ ದಶಾಜ್ಞೆಯನ್ನು ಅದೇ ಭಾನುವಾರ ಆ ಮಗು ಬಾಯಿಪಾಠ ಮಾಡುತ್ತಿರುತ್ತದೆ.

ಇವರನ್ನು ಕಳ್ಳರೆನ್ನುವುದು ಸುಲಭ. ಮೀಸಲಾತಿಗೆಂದು ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಈಗಿರುವ ಕಾನೂನನ್ನು ಹಿಡಿದರೆ ಆ ಮಾತು ತಪ್ಪಲ್ಲ. ನಾನು ಸುಳ್ಳು ಬರೆಸಲಿಲ್ಲ, ಅದರ ಬೆಲೆಯನ್ನು ಮೂವತ್ತು ವರ್ಷ ತೆತ್ತಿದ್ದೇನೆ. ಹಾಗಾಗಿ ಬರೆಸಿದವರ ಬಗ್ಗೆ ಮಾತನಾಡುವ ಅಧಿಕಾರ ನನಗೆ ಸ್ವಲ್ಪ ಇದೆ. ಅವರು ಜಾತಿಯ ಬಗ್ಗೆ ಸುಳ್ಳು ಹೇಳಿಲ್ಲ. ಮಾದಿಗ ಎಂದು ಬರೆಸಿದ್ದಾರೆ, ಮಾದಿಗರೇ ಹೌದು. ಅವರು ಸುಳ್ಳು ಹೇಳಿರುವುದು ದೇವರ ಬಗ್ಗೆ, ಅದನ್ನು ಹೇಳಿಸಿದ್ದು ಮೂರನೇ ಕಂಡಿಕೆ. ಇಷ್ಟವಾದ ಧರ್ಮವನ್ನು ಅನುಸರಿಸುವ ಸ್ವಾತಂತ್ರ್ಯ 25ನೇ ವಿಧಿಯಲ್ಲಿದೆ ಎಂದು ನಾನೇ ಮಕ್ಕಳಿಗೆ ಪಾಠ ಮಾಡುತ್ತೇನೆ. ನಮ್ಮ ಕೇರಿಯಲ್ಲಿ ಆ ಸ್ವಾತಂತ್ರ್ಯ ಇರುವುದು ಪ್ರಮಾಣಪತ್ರ ಬೇಡದಷ್ಟು ಅನುಕೂಲಸ್ಥರಿಗೆ. ಅಂಥವರು ಎಷ್ಟು ಜನ ಎಂದು ಬೆರಳಿನಲ್ಲೇ ಎಣಿಸಬಹುದು.

ಒಂದು ಸಾವಿನ ಸಂಗತಿ ಹೇಳುತ್ತೇನೆ. ಊರು, ಇಲಾಖೆ, ವರ್ಷ ಯಾವುದನ್ನೂ ಕೇಳಬೇಡಿ. ನನ್ನ ಬಳಗದ ಒಬ್ಬ, ಸರ್ಕಾರಿ ಕಚೇರಿಯಲ್ಲಿ ಜವಾನ. ದಾಖಲೆಯಲ್ಲಿ ಹಿಂದೂ ಮಾದಿಗ. ಮನೆಯಲ್ಲಿ ಎಡೆಬಿಡದ ಪ್ರಾರ್ಥನೆ, ಹಾಡಿನ ಕಂಠ ಬಹಳ ಚೆನ್ನಾಗಿತ್ತು. ಸೇವೆಯಲ್ಲಿರುವಾಗಲೇ ಎದೆನೋವಿನಿಂದ ತೀರಿಕೊಂಡ. ಹೆಂಡತಿಗೆ ಅನುಕಂಪದ ಆಧಾರದ ನೌಕರಿಗೆ ಅರ್ಜಿ ಹಾಕಬೇಕು. ಮಣ್ಣಿಗೆ ಕಚೇರಿಯವರೆಲ್ಲ ಬಂದಿದ್ದರು. ಪಾಸ್ಟರ್ ಬಿಳಿ ನಿಲುವಂಗಿ ಬಿಟ್ಟು ಸಾದಾ ಪ್ಯಾಂಟು, ಅಂಗಿಯಲ್ಲಿ ಬಂದು, ಒಳಗಿನ ಕೋಣೆಯ ಬಾಗಿಲು ಹಾಕಿಸಿ, ಹೊರಗೆ ಕೇಳದಷ್ಟು ಸಣ್ಣ ದನಿಯಲ್ಲಿ ಪ್ರಾರ್ಥಿಸಿದರು. ಹಾಡು ಇಲ್ಲ. ಹೊರಗೆ ದೊಡ್ಡಪ್ಪನ ಮಕ್ಕಳು ಹಲಗೆ ಬಾರಿಸಿದರು, ಅದು ಯಾರಿಗೂ ಅನುಮಾನ ತರುವುದಿಲ್ಲ. ಅವನ ಅಣ್ಣ ಬಡಗಿಯಿಂದ ಬೇವಿನ ಕಟ್ಟಿಗೆಯ ಶಿಲುಬೆ ಮಾಡಿಸಿ, ಹೆಸರು, ಹುಟ್ಟಿದ ತಾರೀಖು, ತೀರಿದ ತಾರೀಖು ಕೊರೆಸಿದ್ದ. ಅದನ್ನು ನೆಡಲಿಲ್ಲ. ಗೋಣಿಚೀಲ ಸುತ್ತಿ ಮನೆಯ ಅಟ್ಟಕ್ಕೆ ಹಾಕಿದರು. ಅಲ್ಲಿಯೇ ಇದೆ.

ನೌಕರಿಯ ಮಾತನ್ನು ಬಿಡಿ, ಪೆಟ್ಟಿನ ಮಾತನ್ನಾದರೂ ಕೇಳಿ. ನಮ್ಮ ಹುಡುಗನೊಬ್ಬನನ್ನು ಮದುವೆಯ ಮೆರವಣಿಗೆಯಲ್ಲಿ ಜಾತಿ ಹಿಡಿದು ಬೈದು ಹೊಡೆದರು. ಠಾಣೆಗೆ ಹೋದರೆ ಮೊದಲ ಪ್ರಶ್ನೆ "ನೀವು ಚರ್ಚಿನವರಲ್ಲವೇ? ಅಟ್ರಾಸಿಟಿ ಆಗುವುದಿಲ್ಲ" ಎಂದು. ಹೊಡೆದವರು ಮಾತ್ರ ಯಾವ ಧರ್ಮ ಎಂದು ಕೇಳಿ ಹೊಡೆದಿರಲಿಲ್ಲ. ಇದು ಒಂದು ಠಾಣೆಯ ತಪ್ಪು ತಿಳಿವಳಿಕೆಯೂ ಅಲ್ಲ. ಕ್ರೈಸ್ತನಾದವನು ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಕೇಳಲಾರ ಎಂದು 2025ರಲ್ಲಿ ಆಂಧ್ರಪ್ರದೇಶ ಹೈಕೋರ್ಟು ಪಾಸ್ಟರ್ ಒಬ್ಬರ ದೂರಿನಲ್ಲಿ ಹೇಳಿತು.

ನಮ್ಮವರ ತಪ್ಪನ್ನು ಮುಚ್ಚಿಟ್ಟು ನಿಮ್ಮನ್ನಷ್ಟೇ ಕೇಳಿದರೆ ಅನ್ಯಾಯವಾಗುತ್ತದೆ. ಚರ್ಚಿನೊಳಗೆ ಜಾತಿ ಇದೆ. ತಮಿಳುನಾಡಿನ ಕೆಲವು ಕಡೆ ಸತ್ತವರ ನಡುವೆಯೂ ಗೋಡೆ ಕಟ್ಟಿದ್ದಾರೆ, ತಿರುಚಿರಾಪಳ್ಳಿಯ ಸ್ಮಶಾನದ್ದು ಹೆಸರುವಾಸಿ. ಕ್ಯಾಥೊಲಿಕ್ ಬಿಷಪರ ಮಂಡಳಿ ತಮ್ಮಲ್ಲಿ ಅಸ್ಪೃಶ್ಯತೆ ಇದೆಯೆಂದು ಒಪ್ಪಿ ದಲಿತ ಸಬಲೀಕರಣದ ನೀತಿ ಬರೆದದ್ದು 2016ರಲ್ಲಿ. ಭಾರತದ ಮೊದಲ ದಲಿತ ಕಾರ್ಡಿನಲ್ ಆಗಿ ಹೈದರಾಬಾದಿನ ಆಂಥೊನಿ ಪೂಲಾ ಅವರನ್ನು ನೇಮಿಸಿದ್ದು 2022ರಲ್ಲಿ. ಇಷ್ಟು ತಡವೇಕೆ ಎಂದು ಅವರನ್ನೂ ಕೇಳಬೇಕು. ನಮ್ಮ ಮೆಥೋಡಿಸ್ಟ್ ಸಭೆಯಲ್ಲಿ ಗೋಡೆ ಇಲ್ಲ, ಬಹುಪಾಲು ಎಲ್ಲರೂ ಕೇರಿಯವರೇ. ಹಾಗೆಂದು ಬೀಗುವಂತೆಯೂ ಇಲ್ಲ. ಹೊಲೆಯರ ಮನೆಯವರೂ ಮಾದಿಗರ ಮನೆಯವರೂ ಭಾನುವಾರ ಒಟ್ಟಿಗೆ ಮೊಣಕಾಲೂರಿ ಕರ್ತನ ಭೋಜನ ತೆಗೆದುಕೊಳ್ಳುತ್ತಾರೆ. ಸೋಮವಾರ ಮಗಳಿಗೆ ಗಂಡು ಹುಡುಕುವಾಗ ಮತ್ತೆ ಅವರವರ ಓಣಿಗೆ ಹೋಗುತ್ತಾರೆ. ಸೂಸೈ ಪ್ರಕರಣದಲ್ಲಿ ಕೇಳಿದ ಸಾಮಗ್ರಿ ಇದೇ ಅಲ್ಲವೇ?

ಕಾಗದದ ಮೇಲಿನ ಸಾಮಗ್ರಿಗೂ ಕೊರತೆಯಿಲ್ಲ. ನ್ಯಾಯಮೂರ್ತಿ ರಂಗನಾಥ ಮಿಶ್ರಾ ಆಯೋಗ 2007ರಲ್ಲೇ ಪರಿಶಿಷ್ಟ ಸ್ಥಾನವನ್ನು ಧರ್ಮದಿಂದ ಬೇರ್ಪಡಿಸಿ ಎಂದು ಶಿಫಾರಸು ಮಾಡಿತು. ಆಯೋಗದ ಸದಸ್ಯ ಕಾರ್ಯದರ್ಶಿ ಒಪ್ಪದೆ ಭಿನ್ನಮತ ಬರೆದರು ಎಂಬುದನ್ನೂ ಹೇಳಬೇಕು. ವರದಿ ಸಂಸತ್ತಿನ ಮುಂದೆ ಬಂದದ್ದು 2009ರ ಡಿಸೆಂಬರಿನಲ್ಲಿ. 2008ರಲ್ಲಿ ರಾಷ್ಟ್ರೀಯ ಅಲ್ಪಸಂಖ್ಯಾತರ ಆಯೋಗಕ್ಕಾಗಿ ಸಮಾಜಶಾಸ್ತ್ರಜ್ಞ ಸತೀಶ್ ದೇಶಪಾಂಡೆ ಮತ್ತು ಗೀತಿಕಾ ಬಾಪ್ನಾ ದಲಿತ ಮುಸ್ಲಿಮರ ಹಾಗೂ ದಲಿತ ಕ್ರೈಸ್ತರ ಸ್ಥಿತಿಗತಿಯ ವರದಿ ಕೊಟ್ಟರು. 2004ರಿಂದ ಸುಪ್ರೀಂ ಕೋರ್ಟಿನಲ್ಲಿ ಅರ್ಜಿಯಿದೆ. 2022ರ ಅಕ್ಟೋಬರಿನಲ್ಲಿ ಮತ್ತೊಂದು ಆಯೋಗ ನೇಮಕವಾಯಿತು, ನಿವೃತ್ತ ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ. ಎರಡು ವರ್ಷದಲ್ಲಿ ವರದಿ ಎಂದಿದ್ದರು, ಆಮೇಲೆ ಅವಧಿ ವಿಸ್ತರಣೆಯಾಯಿತು. ಆಯೋಗದ ಮೇಲೆ ಆಯೋಗ ಕೂತರೆ ಊರಿನಲ್ಲಿ ಅದಕ್ಕೆ ವಾಯಿದೆ ಎನ್ನುತ್ತಾರೆ.

ನಿಮ್ಮಲ್ಲಿ ಐವರು ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರಗಳಿಂದ ಗೆದ್ದವರು: ಕೋಲಾರ, ಚಾಮರಾಜನಗರ, ಚಿತ್ರದುರ್ಗ, ವಿಜಯಪುರ, ಕಲಬುರಗಿ. ನಿಮಗೆ ಬೇರೆಯಾಗಿ ಎರಡು ಮಾತು. ಇವರೂ ಬಂದರೆ ನಮ್ಮ ಪಾಲು ಕರಗುತ್ತದೆ ಎಂಬ ಭಯ ನಮ್ಮ ದೊಡ್ಡಪ್ಪನ ಮಕ್ಕಳಿಗೂ ಇದೆ, ನನ್ನ ಎದುರಿಗೇ ಹೇಳುತ್ತಾರೆ. ಅದು ಸಣ್ಣತನವಲ್ಲ. ಒಳಮೀಸಲಾತಿಗಾಗಿ ಮೂವತ್ತು ವರ್ಷ ಬೀದಿಯಲ್ಲಿ ಹಲಗೆ ಬಾರಿಸಿ, 2025ರಲ್ಲಿ ರಾಜ್ಯದ 17 ಶೇಕಡಾದಲ್ಲಿ ಮಾದಿಗ ಮೊದಲಾದ ಎಡಗೈ ಸಮುದಾಯಗಳಿಗೆಂದು 6 ಶೇಕಡಾ ಪಡೆದವರು ಅವರು. ಆ ಮೆರವಣಿಗೆಗಳಲ್ಲಿ ನಮ್ಮ ಹುಡುಗರೂ ಇದ್ದರು ಎಂಬುದು ಬೇರೆ ಮಾತು. ಆ ಪಾಲನ್ನು ಹರಿದು ನಮಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. ಬರುವವರ ಸಂಖ್ಯೆಗೆ ತಕ್ಕಂತೆ ಒಟ್ಟು ಪ್ರಮಾಣವನ್ನು ಹೆಚ್ಚಿಸಿ. ಕರ್ನಾಟಕವೇ 2022ರಲ್ಲಿ 15ನ್ನು 17 ಮಾಡಿಲ್ಲವೇ? ಇನ್ನೊಂದು ಸಂಗತಿ, ನಮ್ಮಲ್ಲಿ ಎಷ್ಟೋ ಜನ ಈಗಾಗಲೇ ಸುಳ್ಳು ಹೆಸರಿನಲ್ಲಿ ಆ ಪಾಲಿನೊಳಗೇ ಇದ್ದಾರೆ. ತಿದ್ದುಪಡಿಯಾದರೆ ಅವರು ಹೊಸದಾಗಿ ಬರುವುದಿಲ್ಲ, ನಿಜ ಹೇಳಿಕೊಂಡು ಇರುತ್ತಾರೆ ಅಷ್ಟೇ.

ಸವಲತ್ತು ಕೊಟ್ಟರೆ ಮತಾಂತರ ಹೆಚ್ಚುತ್ತದೆ ಎನ್ನುವವರಿಗೆ ಉದ್ದದ ಉತ್ತರ ಬೇಡ. ಹೊಟ್ಟೆಯನ್ನು ಒತ್ತೆಯಿಟ್ಟುಕೊಂಡು ಉಳಿಸಿಕೊಂಡದ್ದನ್ನು ಭಕ್ತಿ ಎಂದು ಮರಗಮ್ಮನೂ ಒಪ್ಪುವುದಿಲ್ಲ.

2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಹಿಂದುಳಿದ ವರ್ಗಗಳ ಆಯೋಗ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ನಡೆಸಿತು. ಜಾತಿಯ ಹೆಸರಿನ ಜೊತೆ ಕ್ರಿಶ್ಚಿಯನ್ ಎಂದು ಸೇರಿಸಿದ್ದ ಕೆಲವು ಹೆಸರುಗಳು ಪಟ್ಟಿಯಲ್ಲಿ ಇದ್ದವು. ಗದ್ದಲವಾಯಿತು, ಅಂಥ ಜಾತಿ ಎಲ್ಲಿದೆ ಎಂದರು, ಹೆಸರುಗಳನ್ನು ಕಾಣದಂತೆ ಮಾಡಲಾಯಿತು. ನಮ್ಮ ಮನೆಗೆ ಬಂದಿದ್ದ ಗಣತಿದಾರಳು ನನ್ನ ಹಳೆಯ ವಿದ್ಯಾರ್ಥಿನಿ. ಮೊಬೈಲ್ ಹಿಡಿದು ಧರ್ಮ ಕೇಳಿದಳು, ಹೇಳಿದೆ. ಜಾತಿ ಕೇಳಿದಳು, ಹೇಳಿದೆ. ಬೆರಳನ್ನು ಪರದೆಯ ಮೇಲೆ ಎತ್ತಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಟೀಚರ್, ಎರಡರಲ್ಲಿ ಯಾವುದನ್ನು ಬಿಡಲಿ?" ಎಂದಳು.

2027ರ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುತ್ತೇವೆ ಎಂದು ಕೇಂದ್ರ ಸರ್ಕಾರ ಹೇಳಿದೆ. ಎರಡರಲ್ಲಿ ಒಂದನ್ನು ಬಿಡದೆ, ಎರಡನ್ನೂ ಇದ್ದ ಹಾಗೆ ಬರೆದುಕೊಳ್ಳಲು ಗಣತಿದಾರರಿಗೆ ಸ್ಪಷ್ಟ ಸೂಚನೆ ಇರಲಿ, ಆ ಉತ್ತರವನ್ನು ಯಾರ ಪ್ರಮಾಣಪತ್ರದ ವಿರುದ್ಧವೂ ಬಳಸುವುದಿಲ್ಲ ಎಂಬ ಭರವಸೆ ಇರಲಿ. ಇದು ನಿಮ್ಮ ಒಂದು ಪ್ರಶ್ನೆಯಿಂದ ಆಗುವ ಕೆಲಸ. ಆಯೋಗಗಳ ವರದಿಗಳು ಸದನದಲ್ಲಿ ಚರ್ಚೆಗೆ ಬರಲಿ. ವಿರೋಧವಿದ್ದರೆ ಎದ್ದು ನಿಂತು ವಿರೋಧಿಸಿ, ಕಡತದಲ್ಲಿ ಮುಚ್ಚಿಡಬೇಡಿ. ಮೀಸಲಾತಿಯ ತೀರ್ಮಾನಕ್ಕೆ ಕಾಲ ಬೇಕಾದರೂ, ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯನ್ನು ಈಗಲೇ ವಿಸ್ತರಿಸಿ, ಅದಕ್ಕೆ ಯಾರ ಪಾಲೂ ಕರಗುವುದಿಲ್ಲ. ಕೊನೆಯದಾಗಿ, ಪರಿಶಿಷ್ಟರ ಪಟ್ಟಿಗೆ ಸೇರಿಸುವ, ಬಿಡುವ ಅಧಿಕಾರವನ್ನು 341ನೇ ವಿಧಿ ಸಂಸತ್ತಿಗೆ ಕೊಟ್ಟಿದೆ. ಮೂರನೇ ಕಂಡಿಕೆಯನ್ನು ಎರಡು ಸಲ ತಿದ್ದಿದ್ದೂ ಸಂಸತ್ತೇ. ಆ ಕಂಡಿಕೆಯನ್ನು ತೆಗೆಯುವ ಮಸೂದೆಯನ್ನು ತನ್ನಿ. ಸರ್ಕಾರ ತರದಿದ್ದರೆ ನಲವತ್ತು ಮಂದಿಯಲ್ಲಿ ಯಾರಾದರೂ ಒಬ್ಬರು ಖಾಸಗಿ ಮಸೂದೆಯಾಗಿ ತನ್ನಿ. ಗೆಲ್ಲದಿದ್ದರೂ ಚಿಂತೆಯಿಲ್ಲ, ಯಾರು ಯಾವ ಕಡೆ ಎಂಬುದು ನಮಗೆ ತಿಳಿಯುತ್ತದೆ.

ಅಟ್ಟದ ಮೇಲಿನ ಶಿಲುಬೆಗೆ ಗೆದ್ದಲು ಹತ್ತದಂತೆ ಅವನ ಅಣ್ಣ ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮೊದಲು, ಕೆಳಗಿಳಿಸಿ ಗೋಣಿ ಬಿಚ್ಚಿ ಬೇವಿನೆಣ್ಣೆ ಒರೆಸುತ್ತಾನೆ. ಈ ವರ್ಷವೂ ಒರೆಸಿ ಮತ್ತೆ ಮೇಲಿಟ್ಟ.

ತಮ್ಮ ವಿಶ್ವಾಸಿ,
ಬೀದರ್ ಜಿಲ್ಲೆಯ ಒಬ್ಬ ಶಾಲಾ ಶಿಕ್ಷಕಿ